ಮಂಡಕ್ಕಿ ಸಿಡಿಯುವ ಸದ್ದು: ಸಿಸೌಂಡ್‌ನಲ್ಲಿ ವಾದ್ಯಗಳನ್ನು ಆಯಾ ಗಳಿಗೆಗೆ ಎಬ್ಬಿಸುವ ಕ್ರಮ

ದಾವಣಗೆರೆಯ ಯಾವುದಾದರೊಂದು ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ ಐದು ನಿಮಿಷ ನಿಂತವರಿಗೆ ಆ ಸದ್ದಿನ ನಡೆ ಗೊತ್ತಿರುತ್ತದೆ. ಉಪ್ಪುನೀರು ಹಿಡಿಸಿದ ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ ಏನೂ ಕೇಳಿಸುವುದಿಲ್ಲ. ಮರುಗಳಿಗೆಯಲ್ಲಿ ಎಲ್ಲೋ ಒಂದು ಕಾಳು ಚಟ್ ಎನ್ನುತ್ತದೆ, ಇನ್ನೊಂದು ಅದಕ್ಕೆ ದನಿಗೂಡಿಸುತ್ತದೆ, ನೋಡನೋಡುತ್ತಿದ್ದಂತೆ ಬಾಣಲೆಯ ತುಂಬ ಚಟಪಟ ದಟ್ಟವಾಗಿ, ಜರಡಿಗೆ ಸುರಿಯುವ ಹೊತ್ತಿಗೆ ಮತ್ತೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಈ ಸದ್ದನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕೆಂದು ಹೊರಟಾಗಲೇ ನನಗೆ ಈವೆಂಟ್‌ಗಳನ್ನು, ಅಂದರೆ ವಾದ್ಯವೊಂದನ್ನು ಎಬ್ಬಿಸುವ ಕರೆಗಳನ್ನು, ಓಡುತ್ತಿರುವ ಕಾರ್ಯಕ್ರಮದ (ಪ್ರೋಗ್ರಾಮಿನ) ಒಳಗಿನಿಂದಲೇ ಹುಟ್ಟಿಸುವ ವಿಧಾನ ಸರಿಯಾಗಿ ಅರ್ಥವಾಯಿತು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಅದೇ ಸದ್ದನ್ನು ಮೊದಲಿನಿಂದ ಕಟ್ಟುತ್ತ ಹೋಗುತ್ತೇನೆ.

ಬಳಸುವ ಭಾಷೆ ಸಿಸೌಂಡ್, ಸದ್ದು ಕಟ್ಟಲೆಂದೇ ಇರುವ ಪ್ರೋಗ್ರಾಮಿಂಗ್ ಭಾಷೆ. ಬ್ಯಾರಿ ವರ್ಕೋ ಅವರು 1986ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇದನ್ನು ಸಿ ಭಾಷೆಯಲ್ಲಿ ಬರೆದರು. ಇದರ ಬೇರು ಇನ್ನೂ ಹಿಂದಕ್ಕೆ, 1957ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಮ್ಯೂಸಿಕ್ ಎಂಬ ಕಾರ್ಯಕ್ರಮದವರೆಗೆ ಹೋಗುತ್ತದೆ. ಆ ಕಾಲದ ಯಂತ್ರಗಳು ಕೆಲವು ಸೆಕೆಂಡಿನ ಸಂಗೀತವನ್ನು ಲೆಕ್ಕ ಹಾಕಲು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದವು. ಹಾಗಾಗಿ ಯಾವ ವಾದ್ಯ ಎಷ್ಟು ಹೊತ್ತಿಗೆ ಶುರುವಾಗಬೇಕು, ಎಷ್ಟು ಹೊತ್ತು ನುಡಿಯಬೇಕು ಎಂಬುದನ್ನೆಲ್ಲ ಮೊದಲೇ ಪಟ್ಟಿ ಮಾಡಿ ಕೊಡುವುದು ಸಹಜವಾಗಿತ್ತು. ಸಿಸೌಂಡ್‌ನಲ್ಲಿ ಆ ಪಟ್ಟಿಗೆ ಇಂದಿಗೂ ಸ್ಕೋರ್ ಎಂದೂ, ವಾದ್ಯಗಳನ್ನು, ಅಂದರೆ ಸಂಖ್ಯೆ ಕೊಟ್ಟು ಕರೆಯುವ ಕೋಡ್ ತುಣುಕುಗಳನ್ನು, ಬರೆಯುವ ಭಾಗಕ್ಕೆ ಆರ್ಕೆಸ್ಟ್ರಾ ಎಂದೂ ಹೆಸರು. ಕೀರ್ತನೆಯನ್ನೋ ವಚನದ ಧಾಟಿಯನ್ನೋ ಬರೆದಿಡಲು ಸ್ಕೋರ್ ಸಾಕು. ಮಂಡಕ್ಕಿಗೆ ಸಾಲದು, ಏಕೆಂದರೆ ಯಾವ ಕಾಳು ಯಾವಾಗ ಸಿಡಿಯುತ್ತದೆ ಎಂಬುದು ಬಾಣಲೆಗೇ ಗೊತ್ತಿರುವುದಿಲ್ಲ.

ಒಂದು ಸೂಚನೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಆಪ್‌ಕೋಡ್‌ಗಳ, ಅಂದರೆ ಒಂದೊಂದು ಕೆಲಸ ಮಾಡುವ ಸಿಸೌಂಡ್ ಆಜ್ಞೆಗಳ, ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇರಬೇಕು.

ಮೊದಲು ಒಂದು ಕಾಳು

ಫೈಲಿನ ತಲೆಯಲ್ಲಿ ನಾಲ್ಕು ಸಾಲು ಬೇಕು. ಸ್ಯಾಂಪಲ್ ದರ (ಒಂದು ಸೆಕೆಂಡಿನ ಸದ್ದಿಗೆ ಲೆಕ್ಕ ಹಾಕುವ ಬಿಂದುಗಳು, ಅಂದರೆ ಸ್ಯಾಂಪಲ್‌ಗಳು) 44100, ಕೆಎಸ್‌ಎಂಪಿಎಸ್ 32, ಚಾನೆಲ್‌ಗಳು 2, ಸದ್ದಿನ ಗರಿಷ್ಠ ಮಟ್ಟ 1. ಕೊನೆಯದನ್ನು ಹೇಳದಿದ್ದರೆ ಸಿಸೌಂಡ್ ಗರಿಷ್ಠ ಮಟ್ಟವನ್ನು 32768 ಎಂದು ಹಿಡಿಯುತ್ತದೆ. ಆಗ ನೀವು 0.2 ಎಂದು ಕೊಟ್ಟ ಸದ್ದು ಕಿವಿಗೆ ಬೀಳುವುದೇ ಇಲ್ಲ. ಕೆಎಸ್‌ಎಂಪಿಎಸ್ ಎಂದರೆ ಒಂದು ನಿಯಂತ್ರಣ ಸುತ್ತಿನಲ್ಲಿ ಲೆಕ್ಕ ಹಾಕುವ ಸ್ಯಾಂಪಲ್‌ಗಳ ಸಂಖ್ಯೆ. 44100ನ್ನು 32ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 1378 ಸುತ್ತುಗಳಾಗುತ್ತವೆ, ಅಂದರೆ ಒಂದು ಸುತ್ತಿಗೆ ಮುಕ್ಕಾಲು ಮಿಲಿಸೆಕೆಂಡಿಗಿಂತ ತುಸು ಕಡಿಮೆ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಒಂದು ಕಾಳಿನ ಸಿಡಿತವನ್ನು ವಾದ್ಯ 10 ಎಂದು ಬರೆಯೋಣ. ರ್‍ಯಾಂಡ್ ಎಂಬ ಆಪ್‌ಕೋಡ್‌ನಿಂದ ಬಿಳಿ ಗದ್ದಲವನ್ನು (ಎಲ್ಲ ಎತ್ತರದ ದನಿಗಳೂ ಬೆರೆತ ಸುಯ್ ಎನ್ನುವ ಸದ್ದನ್ನು) ಹುಟ್ಟಿಸಿ, ಅದನ್ನು ಒಂದು ಎತ್ತರದ ಆಸುಪಾಸಿನ ದನಿಯನ್ನಷ್ಟೇ ಬಿಡುವ ಬಟರ್‌ಬಿಪಿ ಶೋಧಕದ (ಫಿಲ್ಟರ್) ಮೂಲಕ ಹಾಯಿಸಿ, ಎಕ್ಸ್‌ಪಾನ್‌ನಿಂದ ಸದ್ದಿನ ಮಟ್ಟಕ್ಕೆ ಸರಕ್ಕನೆ ಇಳಿಯುವ ಏರಿಳಿತವನ್ನು (ಎನ್ವೆಲಪ್) ಕೊಟ್ಟು, ಪ್ಯಾನ್2ರಿಂದ ಎಡಬಲಕ್ಕೆ ಹಂಚಿದರೆ ಆಯಿತು. ಎಕ್ಸ್‌ಪಾನ್ ಸೊನ್ನೆಯನ್ನು ಒಪ್ಪುವುದಿಲ್ಲವಾದ್ದರಿಂದ ಕೊನೆಯ ಮೌಲ್ಯವನ್ನು 0.0001 ಎಂದು ಕೊಡಿ. ವಾದ್ಯಕ್ಕೆ ಹೊರಗಿನಿಂದ ಬರುವ ಮಾಹಿತಿ ಪಿ-ಅಂಕಣಗಳಲ್ಲಿ ಬರುತ್ತದೆ: ಪಿ1 ವಾದ್ಯದ ಸಂಖ್ಯೆ, ಪಿ2 ಶುರುವಾಗುವ ಹೊತ್ತು, ಪಿ3 ಅವಧಿ. ಪಿ4ರಿಂದ ಮುಂದಿನವು ನಮ್ಮ ಇಷ್ಟಕ್ಕೆ ಬಿಟ್ಟವು. ಇಲ್ಲಿ ಪಿ4 ಶೋಧಕದ ಆವರ್ತಾಂಕ (ಫ್ರೀಕ್ವೆನ್ಸಿ, ದನಿಯ ಎತ್ತರ), ಪಿ5 ಸದ್ದಿನ ಮಟ್ಟ, ಪಿ6 ಎಡಬಲದ ಸ್ಥಾನ ಇರಲಿ.

ಇಲ್ಲಿಯೇ ಒಂದು ಸಣ್ಣ ಬಲೆ ಇದೆ. ರ್‍ಯಾಂಡ್ ಆಪ್‌ಕೋಡ್‌ಗೆ ಬೀಜಸಂಖ್ಯೆ (ಯಾದೃಚ್ಛಿಕ ಸಂಖ್ಯೆಗಳ ಸಾಲು ಎಲ್ಲಿಂದ ಹೊರಡಬೇಕೆಂದು ಹೇಳುವ ಸಂಖ್ಯೆ) ಕೊಡದಿದ್ದರೆ ಅದು ಪ್ರತಿ ಸಲವೂ 0.5 ಎಂಬ ಒಂದೇ ಬೀಜದಿಂದ ಹೊರಡುತ್ತದೆ. ಹೀಗಾಗಿ ನೂರು ಕಾಳು ಸಿಡಿದರೂ ನೂರರ ಗದ್ದಲವೂ ಸ್ಯಾಂಪಲ್ ಸ್ಯಾಂಪಲ್‌ಗೂ ಒಂದೇ ಆಗಿರುತ್ತದೆ. ಕಿವಿ ಇದನ್ನು ಬಹಳ ಬೇಗ ಹಿಡಿಯುತ್ತದೆ. ಸದ್ದು ಅಕ್ಕಿಯದಾಗಿರದೆ ಯಂತ್ರದ್ದಾಗಿರುತ್ತದೆ. ಬೀಜಸಂಖ್ಯೆಯ ಜಾಗದಲ್ಲಿ 1ಕ್ಕಿಂತ ದೊಡ್ಡದಾದ ಯಾವುದಾದರೂ ಸಂಖ್ಯೆ, ಉದಾಹರಣೆಗೆ 2, ಕೊಟ್ಟರೆ ಸಿಸೌಂಡ್ ಗಡಿಯಾರದಿಂದ ಬೀಜವನ್ನು ಎತ್ತಿಕೊಳ್ಳುತ್ತದೆ. ಫೈಲಿನ ತಲೆಯಲ್ಲಿ ಸೀಡ್ 0 ಎಂದು ಬರೆದರೆ ಸಾಕೆಂದು ಹಲವರು ತಿಳಿದಿರುತ್ತಾರೆ. ಆ ಸಾಲು ರ್‍ಯಾಂಡಮ್ ಮುಂತಾದ ಆಪ್‌ಕೋಡ್‌ಗಳಿಗೆ ಬೇಕು, ಆದರೆ ರ್‍ಯಾಂಡ್ ಅದಕ್ಕೆ ಬಗ್ಗುವುದಿಲ್ಲ. ಎರಡನ್ನೂ ಮಾಡಿ.

ಬೇರೊಂದು ವಾದ್ಯದಿಂದ ಎಬ್ಬಿಸುವುದು

ಈಗ ಭಟ್ಟಿಯವನ ಕೆಲಸ ಮಾಡುವ ಇನ್ನೊಂದು ವಾದ್ಯ ಬೇಕು. ಅದಕ್ಕೆ 1 ಎಂಬ ಸಂಖ್ಯೆ ಇರಲಿ. ಅದು ತಾನಾಗಿ ಯಾವ ಸದ್ದನ್ನೂ ಮಾಡುವುದಿಲ್ಲ. ಕಾಳುಗಳನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಅದರೊಳಗೆ ಶೆಡ್ಯೂಲ್ ಎಂದು ಬರೆದು, ಮುಂದೆ 10, 0, 0.03, 1500, 0.2, 0.5 ಎಂಬ ಆರು ಸಂಖ್ಯೆಗಳನ್ನು ಅಲ್ಪವಿರಾಮ ಹಾಕಿ ಕೊಡಿ. ಸ್ಕೋರ್‌ನಲ್ಲಿ ವಾದ್ಯ 1ನ್ನು 12 ಸೆಕೆಂಡು ನಡೆಸುವ ಒಂದೇ ಸಾಲು ಇರಲಿ. ನಡೆಸಿ ನೋಡಿ: ಒಂದೇ ಒಂದು ಚಟ್ ಕೇಳಿಸಿ, ಉಳಿದ ಹೊತ್ತೆಲ್ಲ ಮೌನ.

ಆ ಒಂದೇ ಚಟ್ ಏಕೆಂದು ತಿಳಿದರೆ ಈ ವಿಷಯದ ಅರ್ಧ ತಿಳಿದಂತೆ. ಸಿಸೌಂಡ್‌ನಲ್ಲಿ ವಾದ್ಯವೊಂದು ಎರಡು ಬಗೆಯ ಗಳಿಗೆಗಳಲ್ಲಿ ಕೆಲಸ ಮಾಡುತ್ತದೆ. ವಾದ್ಯ ಎದ್ದ ಕ್ಷಣದಲ್ಲಿ ಒಮ್ಮೆ ಮಾತ್ರ ನಡೆಯುವ ಸಿದ್ಧತೆಯ ಗಳಿಗೆ ಒಂದು. ವಾದ್ಯ ಬದುಕಿರುವಷ್ಟೂ ಹೊತ್ತು ಸೆಕೆಂಡಿಗೆ 1378 ಸಲ ಬರುವ ನಿಯಂತ್ರಣದ ಗಳಿಗೆ ಇನ್ನೊಂದು. ಹೆಸರು ಐ ಅಕ್ಷರದಿಂದ ಶುರುವಾಗುವ ಚರಗಳು (ಬೆಲೆಯನ್ನು ಹಿಡಿದಿಡುವ ವೇರಿಯಬಲ್‌ಗಳು) ಮೊದಲನೆಯದಕ್ಕೆ ಸೇರಿದವು, ಕೆ ಅಕ್ಷರದಿಂದ ಶುರುವಾಗುವವು ಎರಡನೆಯದಕ್ಕೆ. ನಾವು ಬರೆದ ಶೆಡ್ಯೂಲ್ ಸಾಲು ಸಿದ್ಧತೆಯ ಗಳಿಗೆಯಲ್ಲಿ ನಡೆಯುತ್ತದೆ, ಆದ್ದರಿಂದ ಒಮ್ಮೆಯೇ. ಈವೆಂಟ್ ಎಂದು ಬರೆದು ಅಡಿಗೆರೆ ಹಾಕಿ ಐ ಅಕ್ಷರ ಸೇರಿಸಿದ ಆಪ್‌ಕೋಡ್ ಸಹ ಇದೇ ಜಾತಿಯದು. ಬರಿಯ ಈವೆಂಟ್ ಮಾತ್ರ ನಿಯಂತ್ರಣದ ಗಳಿಗೆಯಲ್ಲಿ ನಡೆಯುತ್ತದೆ.

ಸಿದ್ಧತೆಯ ಗಳಿಗೆಯಲ್ಲಿ ನಡೆಯುವ ಕರೆಗಳನ್ನು ಕೀಳಾಗಿ ಕಾಣಬೇಕಾಗಿಲ್ಲ. ಒಂದು ಲೂಪ್ ಬರೆದು, ಇನ್ನೂರು ಸಲ ಶೆಡ್ಯೂಲ್ ಕರೆದು, ಪ್ರತಿ ಕರೆಯ ಪಿ2ರಲ್ಲಿ 0ರಿಂದ 12ರವರೆಗಿನ ಯಾದೃಚ್ಛಿಕ ಸಂಖ್ಯೆಯನ್ನು ಕೊಟ್ಟರೆ ಇನ್ನೂರು ಕಾಳುಗಳು ಹನ್ನೆರಡು ಸೆಕೆಂಡಿನ ಉದ್ದಕ್ಕೂ ಚದುರಿ ಸಿಡಿಯುತ್ತವೆ. ಆದರೆ ಆ ಇನ್ನೂರರ ಹಣೆಬರಹವೂ ಮೊದಲ ಕ್ಷಣದಲ್ಲೇ ಬರೆದು ಮುಗಿದಿರುತ್ತದೆ. ನಡುವೆ ಉರಿ ಹೆಚ್ಚಿಸಿದರೆ ಅವು ಕೇಳುವುದಿಲ್ಲ. ಕಾರ್ಯಕ್ರಮ ಓಡುತ್ತಿರುವಾಗಲೇ ಅದರ ಮಾತು ನಡೆಯಬೇಕಾದರೆ ನಿಯಂತ್ರಣದ ಗಳಿಗೆಗೇ ಬರಬೇಕು.

ಪಿ2ರ ಬಗ್ಗೆ ಒಂದು ಮಾತು. ಸ್ಕೋರ್‌ನಲ್ಲಿ ಪಿ2 ಎಂದರೆ ಆ ಭಾಗದ ಆರಂಭದಿಂದ ಎಣಿಸಿದ ಹೊತ್ತು, ಅದೂ ಸ್ಕೋರ್‌ನ ಗತಿಗೆ ಒಳಪಟ್ಟದ್ದು. ವಾದ್ಯದ ಒಳಗಿನಿಂದ ಕರೆದಾಗ ಪಿ2 ಎಂದರೆ ಕರೆದ ಕ್ಷಣದಿಂದ ಮುಂದಕ್ಕೆ ಎಷ್ಟು ಸೆಕೆಂಡು ಎಂದಷ್ಟೇ. ಸೊನ್ನೆ ಎಂದರೆ ಈಗಲೇ.

ಭಟ್ಟಿಗೆ ಉರಿ ಹಾಕುವುದು

ಈವೆಂಟ್ ಆಪ್‌ಕೋಡ್‌ಗೆ ಮೊದಲು ಉದ್ಧರಣ ಚಿಹ್ನೆಯೊಳಗೆ ಐ ಎಂಬ ಅಕ್ಷರ, ನಂತರ ಪಿ-ಅಂಕಣಗಳನ್ನು ಕೊಡಬೇಕು. ಅದನ್ನು ಯಾವ ಷರತ್ತೂ ಇಲ್ಲದೆ ವಾದ್ಯ 1ರಲ್ಲಿ ಹಾಗೇ ಬರೆದರೆ ಏನಾಗುತ್ತದೆಂದು ಮೇಲಿನ ಲೆಕ್ಕವೇ ಹೇಳುತ್ತದೆ: ಸೆಕೆಂಡಿಗೆ 1378 ಕಾಳುಗಳು. ನಾನು ಮೊದಲ ಸಲ ಹೀಗೆಯೇ ಬರೆದು, ಹೆಡ್‌ಫೋನ್ ಕಿವಿಯಲ್ಲಿರುವಾಗಲೇ ನಡೆಸಿದೆ. ಬಂದ ಆರ್ಭಟ ನೆನಪಿನಿಂದ ಇನ್ನೂ ಹೋಗಿಲ್ಲ. ಹೊಸ ಈವೆಂಟ್ ಸಾಲನ್ನು ಮೊದಲ ಸಲ ನಡೆಸುವಾಗ ಹೆಡ್‌ಫೋನ್ ಕಿವಿಯಿಂದ ತೆಗೆದು ಮೇಜಿನ ಮೇಲಿಡಿ ಎಂದು ಕಲಿಯುವವರಿಗೆಲ್ಲ ಹೇಳುತ್ತೇನೆ.

ಆದ್ದರಿಂದ ಕರೆಗೊಂದು ಕಾರಣ, ಅಂದರೆ ಟ್ರಿಗರ್, ಬೇಕು. ಸಮಗತಿಯ ತಾಳಕ್ಕೆ ಮೆಟ್ರೋ ಎಂಬ ಆಪ್‌ಕೋಡ್ ಇದೆ: ಸೆಕೆಂಡಿಗೆ ಇಷ್ಟು ಸಲ ಎಂದು ಕೊಟ್ಟರೆ ಅಷ್ಟು ಸಲ 1 ಎನ್ನುತ್ತದೆ, ಉಳಿದ ಸುತ್ತುಗಳಲ್ಲೆಲ್ಲ 0. ಅದನ್ನು ಹಾಕಿ ನೋಡಿದರೆ ಮಂಡಕ್ಕಿಯ ಬದಲು ಹೊಲಿಗೆ ಯಂತ್ರ ಕೇಳಿಸುತ್ತದೆ. ನಮಗೆ ಬೇಕಾದದ್ದು ಡಸ್ಟ್. ಇದು ಸರಾಸರಿ ಸಾಂದ್ರತೆಯನ್ನು ಮಾತ್ರ ಕಾಯ್ದುಕೊಂಡು, ತುಡಿತಗಳನ್ನು ಯಾವ ಲೆಕ್ಕಕ್ಕೂ ಸಿಗದ ಹೊತ್ತುಗಳಲ್ಲಿ ಚೆಲ್ಲುತ್ತದೆ. ಸಾಂದ್ರತೆಯನ್ನು, ಒಂದು ಬೆಲೆಯಿಂದ ಇನ್ನೊಂದಕ್ಕೆ ನೇರ ಗೆರೆಯಲ್ಲಿ ಸಾಗುವ ಲಿನ್‌ಸೆಗ್‌ನಿಂದ ಹೀಗೆ ಏರಿಳಿಸಿ: ಆರಂಭದಲ್ಲಿ ಸೆಕೆಂಡಿಗೆ 1, ಎರಡನೆಯ ಸೆಕೆಂಡಿಗೆ 10, ಐದನೆಯದಕ್ಕೆ 90, ಎಂಟನೆಯದಕ್ಕೆ 20, ಹನ್ನೆರಡನೆಯದಕ್ಕೆ ಅರ್ಧ. ಡಸ್ಟ್ ಕೊಟ್ಟ ಮೌಲ್ಯ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಈವೆಂಟ್ ನಡೆಯಲಿ ಎಂದು ಇಫ್ ಷರತ್ತಿನೊಳಗೆ ಬರೆಯಿರಿ. ಈಗ ನಡೆಸಿದರೆ ಭಟ್ಟಿಯ ನಡೆ ಮೊದಲ ಸಲ ಕಿವಿಗೆ ಬೀಳುತ್ತದೆ. ಡಸ್ಟ್ ಅನ್ನು ಪ್ರಯತ್ನಿಸುವ ಮುನ್ನ ನಾನು ಮೆಟ್ರೋದ ವೇಗವನ್ನೇ ಅತ್ತಿತ್ತ ಅಲುಗಾಡಿಸುತ್ತ ಹಲವು ಸಂಜೆಗಳನ್ನು ಕಳೆದಿದ್ದೆ. ವೇಗ ಎಷ್ಟೇ ಅಲುಗಿದರೂ ಎರಡು ಕಾಳು ಒಟ್ಟೊಟ್ಟಿಗೆ ಸಿಡಿದು ಆಮೇಲೊಂದು ದೀರ್ಘ ಬಿಡುವು ಬರುವ ಆ ಸಹಜತೆ ಬರಲೇ ಇಲ್ಲ.

ಇಷ್ಟಾದರೂ ಎಲ್ಲ ಕಾಳುಗಳ ದನಿಯೂ ಒಂದೇ ಎತ್ತರದಲ್ಲಿರುತ್ತದೆ. ಸಾಮಾನ್ಯವಾಗಿ ಇಲ್ಲಿ ಆಗುವ ತಪ್ಪೆಂದರೆ, ವಾದ್ಯ 1ರಲ್ಲಿ ಆವರ್ತಾಂಕವನ್ನು ರ್‍ಯಾಂಡಮ್ 800, 3000 ಎಂದು ಪಡೆದು ಐ ಅಕ್ಷರದ ಚರದಲ್ಲಿ ಇಡುವುದು. ಆ ಚರ ಭಟ್ಟಿ ಎದ್ದಾಗ ಒಮ್ಮೆ ಮಾತ್ರ ಬೆಲೆ ಪಡೆಯುತ್ತದೆ. ಆಮೇಲೆ ಬರುವ ಸಾವಿರ ಕಾಳಿಗೂ ಅದೇ ಬೆಲೆ. ಚರದ ಮೊದಲ ಅಕ್ಷರವನ್ನು ಕೆ ಎಂದು ಬದಲಿಸಿದರೆ ಪ್ರತಿ ಸುತ್ತಿಗೂ ಹೊಸ ಬೆಲೆ ಬಂದು, ಟ್ರಿಗರ್ ಆದ ಕ್ಷಣದ ಬೆಲೆ ಕಾಳಿಗೆ ಹೋಗುತ್ತದೆ. ಒಂದೇ ಅಕ್ಷರದ ವ್ಯತ್ಯಾಸ.

ಇದಕ್ಕೆ ಇನ್ನೊಂದು ದಾರಿಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಆವರ್ತಾಂಕವನ್ನು ಹೊರಗಿನಿಂದ ಕಳಿಸದೆ, ವಾದ್ಯ 10ರ ಒಳಗೇ ಐ ಅಕ್ಷರದ ಚರದಲ್ಲಿ ರ್‍ಯಾಂಡಮ್‌ನಿಂದ ಪಡೆಯಿರಿ. ಎಬ್ಬಿಸಿದ ಪ್ರತಿ ಕಾಳೂ ವಾದ್ಯದ ಪ್ರತ್ಯೇಕ ಪ್ರತಿ. ಪ್ರತಿಯೊಂದಕ್ಕೂ ತನ್ನದೇ ಸಿದ್ಧತೆಯ ಗಳಿಗೆ ಇರುತ್ತದೆ. ಆ ಗಳಿಗೆಯಲ್ಲಿ ಅದು ತನ್ನ ದನಿಯನ್ನು ತಾನೇ ಆರಿಸಿಕೊಳ್ಳುತ್ತದೆ. ಕಾಳಿನ ಸ್ವಭಾವಕ್ಕೆ ಸೇರಿದ್ದನ್ನು ಕಾಳಿನ ವಾದ್ಯದಲ್ಲಿ, ಇಡೀ ಬಾಣಲೆಯ ಉರಿಗೆ ಸೇರಿದ್ದನ್ನು ಭಟ್ಟಿಯ ವಾದ್ಯದಲ್ಲಿ ಇಟ್ಟರೆ ತಿಂಗಳಾದ ಮೇಲೆ ಫೈಲನ್ನು ತೆರೆದರೂ ಯಾವುದು ಎಲ್ಲಿದೆ ಎಂದು ಹುಡುಕಬೇಕಾಗುವುದಿಲ್ಲ. ಯಾವ ತೀರ್ಮಾನ ಯಾವ ಗಳಿಗೆಯಲ್ಲಿ, ಯಾರ ಕೈಯಲ್ಲಿ ಆಗಬೇಕು ಎಂದು ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಕೋಡ್ ಮುಟ್ಟುವುದು ನನ್ನ ರೂಢಿ.

ದಟ್ಟವಾದಾಗ ಆಗುವ ತೊಂದರೆಗಳು

ಸಾಂದ್ರತೆಯನ್ನು ಅವಧಿಯಿಂದ ಗುಣಿಸಿದರೆ ಏಕಕಾಲಕ್ಕೆ ನುಡಿಯುವ ಕಾಳುಗಳ ಸರಾಸರಿ ಸಂಖ್ಯೆ ಸಿಗುತ್ತದೆ. ಸೆಕೆಂಡಿಗೆ 90 ಕಾಳು, ಒಂದೊಂದಕ್ಕೆ 0.03 ಸೆಕೆಂಡು ಎಂದರೆ ಸುಮಾರು ಮೂರು. ಇದು ಸರಾಸರಿ ಮಾತ್ರ. ಡಸ್ಟ್ ಕೆಲವೊಮ್ಮೆ ಎಂಟು ಹತ್ತು ಕಾಳುಗಳನ್ನು ಒಂದೇ ಕಡೆ ಸುರಿಯುತ್ತದೆ, ಆಗ ಒಟ್ಟು ಮಟ್ಟ 1ನ್ನು ದಾಟಿ ಸದ್ದು ಒಡೆಯುತ್ತದೆ. ಇದಕ್ಕೆ ಶೆಡ್‌ಕೆವೆನ್ ಎಂಬ ಆಪ್‌ಕೋಡ್ ಬಳಸಬಹುದು. ಇದು ಟ್ರಿಗರ್ ಅನ್ನು ತನ್ನೊಳಗೇ ತೆಗೆದುಕೊಳ್ಳುವುದರಿಂದ ಇಫ್ ಬೇಕಾಗಿಲ್ಲ. ಅದರ ಮೊದಲ ಅಂಕಣ ಟ್ರಿಗರ್, ಎರಡನೆಯದು ಎರಡು ಕರೆಗಳ ನಡುವೆ ಇರಲೇಬೇಕಾದ ಕನಿಷ್ಠ ಬಿಡುವು, ಮೂರನೆಯದು ಒಟ್ಟಿಗೆ ಬದುಕಿರಬಹುದಾದ ಗರಿಷ್ಠ ಪ್ರತಿಗಳ ಸಂಖ್ಯೆ. ಆಮೇಲೆ ವಾದ್ಯದ ಸಂಖ್ಯೆ, ಹೊತ್ತು, ಅವಧಿ, ಉಳಿದ ಪಿ-ಅಂಕಣಗಳು. ಗರಿಷ್ಠವನ್ನು 8 ಎಂದು ಕೊಟ್ಟರೆ ಒಂಬತ್ತನೆಯ ಕರೆ ಬಿಟ್ಟುಹೋಗುತ್ತದೆ. 0 ಎಂದರೆ ಮಿತಿಯೇ ಇಲ್ಲ. ದಟ್ಟಣೆಯಲ್ಲಿ ಒಂದು ಕಾಳು ಕಳೆದರೆ ಯಾರ ಕಿವಿಗೂ ಗೊತ್ತಾಗುವುದಿಲ್ಲ.

ಹೊಸ ಪ್ರತಿಯನ್ನು ಮೊದಲ ಸಲ ಎಬ್ಬಿಸುವಾಗ ಸಿಸೌಂಡ್ ಅದಕ್ಕೆ ನೆನಪಿನ ಜಾಗವನ್ನು ಒದಗಿಸಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ಹೊತ್ತಿಗೆ ಸದ್ದು ಮುಗ್ಗರಿಸುವುದುಂಟು. ಪ್ರಿಅಲಾಕ್ 10, 8 ಎಂದು ಬರೆದರೆ ವಾದ್ಯ 10ರ ಎಂಟು ಪ್ರತಿಗಳಿಗೆ ಜಾಗ ಮೊದಲೇ ಸಿದ್ಧವಾಗಿರುತ್ತದೆ. ಮುಗಿದ ಕಾಳಿನ ಜಾಗವೇ ಮುಂದಿನ ಕಾಳಿಗೆ ಸಿಗುತ್ತದೆ. ಪರದೆಯ ಮೇಲೆ ಸಾಲುಸಾಲಾಗಿ ಬೀಳುವ ಸಂದೇಶಗಳನ್ನೂ ಹೈಫನ್, ಎಂ, ಸೊನ್ನೆ ಎಂಬ ಆಯ್ಕೆಯಿಂದ ನಿಲ್ಲಿಸಿ.

ಕೆಎಸ್‌ಎಂಪಿಎಸ್ ಅನ್ನು ಮತ್ತೆ ನೆನಪಿಸಿಕೊಳ್ಳಿ. ಒಳಗಿನಿಂದ ಹುಟ್ಟಿದ ಈವೆಂಟ್ ಸುತ್ತಿನ ಗಡಿಯಲ್ಲಿ ಮಾತ್ರ ಶುರುವಾಗಬಲ್ಲದು. 32ರ ಜಾಗದಲ್ಲಿ 441 ಎಂದು ಕೊಟ್ಟು ನೋಡಿ: ಸುತ್ತು 10 ಮಿಲಿಸೆಕೆಂಡಿನದಾಗಿ, ಸೆಕೆಂಡಿಗೆ ನೂರೇ ಗಡಿಗಳು ಉಳಿಯುತ್ತವೆ, ಕಾಳುಗಳೆಲ್ಲ ಕಾಣದ ಜಾಲರಿಯೊಂದಕ್ಕೆ ಸಿಕ್ಕಿಕೊಂಡಂತೆ ಸದ್ದು ಒರಟಾಗುತ್ತದೆ. ಈ ವ್ಯತ್ಯಾಸವನ್ನು ಓದಿ ನಂಬುವುದಕ್ಕಿಂತ ಒಮ್ಮೆ ಕೇಳಿಸಿಕೊಳ್ಳುವುದು ಒಳ್ಳೆಯದು.

ಬಾಣಲೆಯ ಕೆಳಗಿನ ಉರಿಯ ಭೋರೆನ್ನುವ ಸದ್ದು ಬೇಕಿದ್ದರೆ ಅದನ್ನು ವಾದ್ಯ 20 ಮಾಡಿ, ಪಿ3ನ್ನು ಋಣ ಸಂಖ್ಯೆಯಾಗಿ, ಅಂದರೆ −1 ಎಂದು ಕೊಡಿ. ಆಗ ಅದು ತಾನಾಗಿ ನಿಲ್ಲದು. ನಿಲ್ಲಿಸಲು ಟರ್ನ್‌ಆಫ್2 ಇದೆ. ಅದು ಪ್ರತಿ ಸುತ್ತಿನಲ್ಲೂ ನಡೆಯುವಂಥದ್ದಾದ್ದರಿಂದ ಷರತ್ತಿನೊಳಗೇ ಇರಲಿ. ಉರಿ ಮೆಲ್ಲಗೆ ಆರಬೇಕಾದರೆ ವಾದ್ಯದಲ್ಲಿ ನಿಲ್ಲುವಾಗ ಇಳಿಯುವ ಭಾಗವೂ ಇರುವ ಲಿನ್‌ಸೆಗ್‌ಆರ್ ಬಳಸಿ, ಟರ್ನ್‌ಆಫ್2ರ ಕೊನೆಯ ಅಂಕಣವನ್ನು 1 ಮಾಡಿ. ಎರಡು ಭಟ್ಟಿಗಳಿದ್ದರೆ 20.1, 20.2 ಎಂದು ದಶಮಾಂಶ ಹಚ್ಚಿ ಬೇರೆಬೇರೆಯಾಗಿ ಗುರುತಿಸಬಹುದು.

ತನ್ನನ್ನು ತಾನೇ ಕರೆಯುವ ವಾದ್ಯ

ಭಟ್ಟಿಯವನೇ ಇಲ್ಲದೆ ನಡೆಸುವ ದಾರಿಯೂ ಉಂಟು. ವಾದ್ಯ 10ರ ಸಿದ್ಧತೆಯ ಗಳಿಗೆಯಲ್ಲೇ ಅದು ಶೆಡ್ಯೂಲ್ ಮೂಲಕ ತನ್ನದೇ ಸಂಖ್ಯೆಯನ್ನು, ಸ್ವಲ್ಪ ಯಾದೃಚ್ಛಿಕ ಬಿಡುವಿನೊಂದಿಗೆ, ಮತ್ತೆ ಕರೆಯಲಿ. ಒಂದು ಕಾಳು ಮುಂದಿನದಕ್ಕೆ ಕಿಡಿ ದಾಟಿಸಿದಂತೆ ಸರಪಳಿ ಸಾಗುತ್ತದೆ. ಎರಡು ಎಚ್ಚರಗಳು ಬೇಕು. ನಿಲ್ಲುವ ಷರತ್ತನ್ನು ಕರೆಗಿಂತ ಮೊದಲು ಬರೆಯಿರಿ: ಪಿ7ರಲ್ಲಿ ಉಳಿದ ಕಾಳುಗಳ ಎಣಿಕೆಯನ್ನಿಟ್ಟು, ಪ್ರತಿ ಕರೆಯಲ್ಲಿ ಒಂದನ್ನು ಕಳೆದು, ಸೊನ್ನೆಯಾದಾಗ ಕರೆಯದಿರುವಂತೆ. ಎರಡನೆಯದಾಗಿ, ಒಂದು ಕಾಳು ಎರಡನ್ನು ಕರೆಯುವಂತೆ ಬರೆದರೆ ಹತ್ತನೆಯ ತಲೆಮಾರಿಗೆ 1024 ಕಾಳುಗಳಾಗುತ್ತವೆ; ಇಪ್ಪತ್ತನೆಯದಕ್ಕೆ ಹತ್ತು ಲಕ್ಷ ದಾಟುತ್ತದೆ.

ಡೊಳ್ಳಿನ ಪೆಟ್ಟಿಗೆ ಓಗೊಡುವುದು

ಇಲ್ಲಿಯವರೆಗೆ ಟ್ರಿಗರ್ ಯಂತ್ರದೊಳಗಿನಿಂದ ಬಂತು. ಹೊರಗಿನಿಂದಲೂ ಬರಬಹುದು. ಮೈಕಿನ ಸದ್ದನ್ನು ಐಎನ್‌ಸಿಎಚ್ ಆಪ್‌ಕೋಡ್‌ನಿಂದ ಪಡೆದು, ಅದರ ಸರಾಸರಿ ಬಲವನ್ನು ಆರ್‌ಎಂಎಸ್‌ನಿಂದ ಅಳೆದು, ಆ ಬಲವನ್ನು ಟ್ರಿಗರ್ ಎಂಬ ಆಪ್‌ಕೋಡ್‌ಗೆ ಹೊಸ್ತಿಲು 0.1, ಬಗೆ 0 ಎಂದು ಕೊಟ್ಟರೆ ಬಲ ಕೆಳಗಿನಿಂದ ಮೇಲಕ್ಕೆ ಹೊಸ್ತಿಲು ದಾಟಿದ ಸುತ್ತಿನಲ್ಲಿ ಮಾತ್ರ 1 ಬರುತ್ತದೆ. ಅದನ್ನು ಶೆಡ್‌ಕೆವೆನ್‌ಗೆ ಜೋಡಿಸಿದರೆ ಡೊಳ್ಳಿನ ಒಂದೊಂದು ಪೆಟ್ಟಿಗೂ ಒಂದೊಂದು ವಾದ್ಯ ಏಳುತ್ತದೆ.

ಡೊಳ್ಳಿನ ಮುಂದೆ ಇದನ್ನು ಪ್ರಯೋಗಿಸಿದಾಗ ಎರಡು ಸಂಗತಿಗಳು ಎದುರಾದವು. ಮೊದಲನೆಯದು, ಒಂದೇ ಪೆಟ್ಟಿಗೆ ಎರಡು ಮೂರು ಸಲ ವಾದ್ಯ ಎದ್ದದ್ದು. ಚರ್ಮದ ಕಂಪನ ಇಳಿಯುವಾಗ ಬಲ ಹೊಸ್ತಿಲಿನ ಆಚೀಚೆ ತೊನೆದಾಡುತ್ತದೆ, ಪ್ರತಿ ತೊನೆತವೂ ಹೊಸ ಪೆಟ್ಟಿನಂತೆ ಎಣಿಕೆಯಾಗುತ್ತದೆ. ಶೆಡ್‌ಕೆವೆನ್‌ನ ಎರಡನೆಯ ಅಂಕಣವನ್ನು 0.1 ಮಾಡಿದರೆ ಇದು ನಿಲ್ಲುತ್ತದೆ. ತೀರ ದ್ರುತದ ಪೆಟ್ಟುಗಳಿಗೆ ಇನ್ನೂ ತಗ್ಗಿಸಬೇಕಾಗುತ್ತದೆ.

ಎರಡನೆಯದನ್ನು ಕಂಡುಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು. ಪೆಟ್ಟಿನ ಬಲವನ್ನೇ ಪಿ5ಕ್ಕೆ ಕಳಿಸುತ್ತಿದ್ದರೂ ಮೆಲ್ಲಗೆ ತಟ್ಟಿದಾಗಲೂ ಜೋರಾಗಿ ಬಾರಿಸಿದಾಗಲೂ ಹೊರಡುತ್ತಿದ್ದ ಸದ್ದು ಹೆಚ್ಚುಕಡಿಮೆ ಒಂದೇ ಮಟ್ಟದ್ದಾಗಿತ್ತು. ಕಾರಣ ಸರಳವಾಗಿದೆ: ಟ್ರಿಗರ್ ಆಗುವುದು ಬಲ ಹೊಸ್ತಿಲನ್ನು ದಾಟಿದ ಗಳಿಗೆಯಲ್ಲಿ, ಆ ಗಳಿಗೆಯಲ್ಲಿ ಬಲದ ಬೆಲೆ ಯಾವ ಪೆಟ್ಟಿಗಾದರೂ ಹೊಸ್ತಿಲಿನ ಆಸುಪಾಸೇ. ಪೆಟ್ಟಿನ ತುದಿ ಇನ್ನೂ ಮುಂದಿರುತ್ತದೆ. ಆದ್ದರಿಂದ ಟ್ರಿಗರ್ ಅನ್ನು ಡಿಲೇಕೆ ಎಂಬ ಆಪ್‌ಕೋಡ್‌ನಿಂದ 0.02 ಸೆಕೆಂಡು ತಡೆದು, ಅಷ್ಟರಲ್ಲಿ ಏರಿರುವ ಬಲವನ್ನು ಕಳಿಸಬೇಕು. ಆರ್‌ಎಂಎಸ್ ಸಹಜವಾಗಿ ನಿಧಾನಿ. ಅದರ ಎರಡನೆಯ ಅಂಕಣದಲ್ಲಿ 50 ಎಂದು ಕೊಟ್ಟರೆ ಚುರುಕಾಗುತ್ತದೆ. ಬಾರಿಸುವವರಿಗೆ ಈ ತಡ ಅಡ್ಡಿಯಾದರೆ ಅರ್ಧಕ್ಕೆ ಇಳಿಸಿ, ಆದರೆ ಸೊನ್ನೆ ಮಾಡಬೇಡಿ. ಸ್ಪೀಕರ್ ಬಳಸಿದರೆ ಅದರ ಸದ್ದೇ ಮೈಕಿಗೆ ಹೊಕ್ಕು ಮತ್ತೆ ಟ್ರಿಗರ್ ಆಗುತ್ತದೆ. ಹೊಂದಿಸುವ ಹೊತ್ತಿನಲ್ಲಿ ಹೆಡ್‌ಫೋನೇ ಸರಿ. ಹೀಗೆ ನೇರ ನುಡಿಸುವಾಗ ಕಾರ್ಯಕ್ರಮ ನಡುವೆ ನಿಲ್ಲದಂತೆ ಸ್ಕೋರ್‌ನಲ್ಲಿ ಎಫ್ 0 3600 ಎಂದು ಬರೆದರೆ ಒಂದು ಗಂಟೆ ತೆರೆದಿರುತ್ತದೆ. ಸಿಸೌಂಡ್ 6ರಲ್ಲಿ ಸ್ಕೋರ್ ಅನ್ನು ಖಾಲಿ ಬಿಟ್ಟು, ಮೈಕಿನ ವಾದ್ಯವನ್ನು ತಲೆಭಾಗದಿಂದಲೇ ಎಬ್ಬಿಸಿದರೂ ನೀವು ನಿಲ್ಲಿಸುವವರೆಗೆ ಓಡುತ್ತದೆ.

ಸದ್ದು ಕಟ್ಟುವ ಇನ್ನೊಂದು ಭಾಷೆಯಾದ ಸೂಪರ್‌ಕೊಲೈಡರ್ ಬಳಸುವವರಿಗೂ ಇದೇ ವಿಚಾರ ಅನ್ವಯಿಸುತ್ತದೆ. ಡಸ್ಟ್ ಮೂಲತಃ ಅಲ್ಲಿಯದೇ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ: ಸಿಸೌಂಡ್‌ನಲ್ಲಿ ಪಿ3 ಮುಗಿದ ಕೂಡಲೇ ವಾದ್ಯ ತಾನೇ ಹೊರಟುಹೋಗುತ್ತದೆ, ಅಲ್ಲಿ ಹಾಗಲ್ಲ. ಏರಿಳಿತದ ಕೊನೆಯಲ್ಲಿ ಡನ್‌ಆ್ಯಕ್ಷನ್ 2 ಎಂದು ಹೇಳದಿದ್ದರೆ ಸಿಡಿದು ಮುಗಿದ ಕಾಳುಗಳೆಲ್ಲ ಸದ್ದಿಲ್ಲದೆ ಸರ್ವರ್‌ನಲ್ಲಿ (ಅಲ್ಲಿ ಸದ್ದು ಹುಟ್ಟಿಸುವ ಭಾಗದಲ್ಲಿ) ರಾಶಿ ಬೀಳುತ್ತ, ಕೆಲವು ನಿಮಿಷಗಳಲ್ಲಿ ಅದನ್ನು ಉಸಿರುಗಟ್ಟಿಸುತ್ತವೆ.

ಭಟ್ಟಿಯ ಸದ್ದನ್ನು ಫೋನಿನಲ್ಲಿ ಒಂದು ನಿಮಿಷ ಹಿಡಿದಿಟ್ಟುಕೊಂಡು, ನೀವು ಕಟ್ಟಿದ್ದರ ಪಕ್ಕದಲ್ಲಿಟ್ಟು ಕೇಳಿ. ಹೋಲಿಸಿದಾಗ ನನಗೆ ಮೊದಲು ಕಂಡ ಕೊರತೆ, ದಟ್ಟಣೆ ಏರುವಾಗ ಇರಬೇಕಾದ ಆತುರವೇ ಇಳಿಯುವಾಗಲೂ ಇದ್ದದ್ದು. ಲಿನ್‌ಸೆಗ್‌ನ ಎಂಟನೆಯ ಸೆಕೆಂಡಿನ 20ನ್ನು 35ಕ್ಕೆ ಏರಿಸಿದ ಮೇಲೆ, ಜರಡಿಯ ಮೇಲೆ ಹೊರಳುತ್ತ ಕೊನೆಯ ಕಾಳುಗಳು ಒಂದೊಂದಾಗಿ ಸಿಡಿಯುವ ಹೊತ್ತು ಸರಿಯಾಗಿ ಬಂತು.